ಪ್ರಶ್ನೋತ್ತರ: ಶ್ರೀರಂಗಪಟ್ಟಣವನ್ನು ಎಲ್ಲಿಂದ ನೋಡಲು ತೊಡಗಬೇಕು?

ಕಳೆದ ಸಂಚಿಕೆಯ ಮೈಸೂರು ಪ್ರವಾಸದ ಲೇಖನದಲ್ಲಿ ಶ್ರೀರಂಗಪಟ್ಟಣದ ಹೆಸರು ಒಂದೇ ಸಾಲಿನಲ್ಲಿ ಬಂದು ಹೋದುದನ್ನು ಕಂಡು, ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದ ತನಕದ ಹಲವು ಓದುಗರು ಆ ಊರಿನ ಬಗ್ಗೆಯೇ ಪ್ರಶ್ನೆಗಳನ್ನು ಕಳುಹಿಸಿದ್ದಾರೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ಮಕ್ಕಳನ್ನು ಮೈಸೂರಿಗೆ ಕರೆದೊಯ್ಯುತ್ತಿದ್ದೇವೆ. ಶ್ರೀರಂಗಪಟ್ಟಣಕ್ಕೆ ಎರಡು ಗಂಟೆ ಮಾತ್ರ ಸಿಗುತ್ತದೆಂದು ಬಸ್ಸಿನವರು ಹೇಳುತ್ತಾರೆ. ಅಷ್ಟರಲ್ಲಿ ಏನನ್ನು ತೋರಿಸಬೇಕು, ಏನನ್ನು ಬಿಡಬೇಕು?
(ಅಧ್ಯಾಪಿಕೆ, ಬದಿಯಡ್ಕ)

ಉತ್ತರ: ಮೊದಲು ಬಸ್ಸಿನವರೊಂದಿಗೆ ಮಾತಾಡಿ ಎರಡು ಗಂಟೆಯನ್ನು ಅರ್ಧ ದಿನವಾಗಿಸಲು ಪ್ರಯತ್ನಿಸಿ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಇರುವುದು ಸುಮಾರು ಹದಿನೈದು ಕಿಲೋಮೀಟರ್ ದಾರಿ. ಮೃಗಾಲಯದಲ್ಲಿ ಒಂದು ಗಂಟೆ ಉಳಿಸಿದರೂ ಸಾಕು. ಸಾಮಾನ್ಯವಾಗಿ ನಡೆಯುವುದು ಹೀಗೆ: ಬಸ್ಸು ರಂಗನಾಥ ದೇವಸ್ಥಾನದೆದುರು ನಿಲ್ಲುತ್ತದೆ, ಮಕ್ಕಳು ಸರದಿಯಲ್ಲಿ ಹೋಗಿ ಬರುತ್ತಾರೆ, ಆಮೇಲೆ ದರಿಯಾ ದೌಲತ್ ಅರಮನೆ, ಟಿಪ್ಪುವಿನ ಗೋರಿಯಿರುವ ಗುಂಬಜ್, ಹೊಳೆಯ ಕವಲುಗಳು ಕೂಡುವ ಸಂಗಮ ಎಂದು ಮೂರು ಕಡೆ ಇಳಿದು ಹತ್ತುವುದರಲ್ಲೇ ಸಮಯ ಮುಗಿಯುತ್ತದೆ. ಇವೆಲ್ಲವೂ ನೋಡತಕ್ಕವೇ ಆದರೂ, ಇದೊಂದು ಕೋಟೆಯೂರು, ಅದಕ್ಕೆ ಸುತ್ತಲೂ ಹೊಳೆಯೇ ಕಾವಲು ಎಂಬ ಸಂಗತಿ ಹಾಗೆ ಸುತ್ತಿದವರಿಗೆ ಗೊತ್ತೇ ಆಗುವುದಿಲ್ಲ.

ಕಾವೇರಿ ಇಲ್ಲಿ ಎರಡಾಗಿ ಕವಲೊಡೆದು ಸುಮಾರು ಐದು ಕಿಲೋಮೀಟರ್ ಉದ್ದದ ದ್ವೀಪವೊಂದನ್ನು ಸುತ್ತುವರಿದು ಪೂರ್ವದ ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಕೋಟೆ ಇರುವುದು ದ್ವೀಪದ ಪಶ್ಚಿಮದ ತುದಿಯಲ್ಲಿ. ದರಿಯಾ ದೌಲತ್, ಗಂಜಾಂ ಮತ್ತು ಗುಂಬಜ್ ಕೋಟೆಯ ಹೊರಗೆ, ಪೂರ್ವಕ್ಕಿವೆ. ಆದ್ದರಿಂದ ಪಶ್ಚಿಮದಿಂದ ಪೂರ್ವಕ್ಕೆ, ಹೊಳೆ ಹರಿಯುವ ದಿಕ್ಕಿನಲ್ಲೇ ನಡೆಸಿಕೊಂಡು ಬನ್ನಿ. ಮೊದಲ ನಿಲುಗಡೆ ಕೋಟೆಯ ವಾಯವ್ಯ ಮೂಲೆಯಾಗಿರಲಿ. ಅಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಎತ್ತರದ ಸ್ಮಾರಕ ಸ್ತಂಭವಿದೆ. 1799ರ ಮೇ 4ರಂದು ಇಂಗ್ಲಿಷರು ತಮ್ಮ ಫಿರಂಗಿಗಳು ಒಡೆದಿದ್ದ ಗೋಡೆಯ ಮೂಲಕ ನುಗ್ಗಿದ್ದು ಇದೇ ಮಗ್ಗುಲಲ್ಲಿ. ಮಕ್ಕಳನ್ನು ಗೋಡೆಯ ಮೇಲೆ ನಿಲ್ಲಿಸಿ ಕೆಳಗೆ ನೋಡಲು ಹೇಳಿ: ಹೊಳೆ, ಬಂಡೆಗಳು, ಹೊರಗೋಡೆ, ಕಂದಕ, ಆಮೇಲೆ ಒಳಗೋಡೆ. ಹೊರಗೋಡೆ ಹತ್ತಿ ಬಂದವರೂ ಕೋಟೆಯೊಳಗೆ ಬಂದಂತಾಗಲಿಲ್ಲ, ಅವರ ಮುಂದೆ ಇನ್ನೊಂದು ಕಂದಕವೂ ಇನ್ನೊಂದು ಗೋಡೆಯೂ ಇದ್ದವು ಎಂಬುದು ಅಲ್ಲಿ ನಿಂತರೆ ಪಾಠ ಮಾಡದೆಯೇ ತಿಳಿಯುತ್ತದೆ.

ಅಲ್ಲಿಂದ ಉತ್ತರದ ಗೋಡೆಯ ಬದಿಯಲ್ಲೇ ನಡೆದರೆ ಕರ್ನಲ್ ಬೈಲಿಯ ಹೆಸರಿನ ಬಂದೀಖಾನೆ ಸಿಗುತ್ತದೆ. ನೆಲಮಟ್ಟಕ್ಕಿಂತ ಕೆಳಗೆ, ಇಟ್ಟಿಗೆ ಗಾರೆಯ ಕಮಾನುಗಳ ಉದ್ದನೆಯ ಕೋಣೆ ಅದು. ಸುಣ್ಣ ಬಳಿದ ಗೋಡೆಗಳಿಂದ ಕಲ್ಲಿನ ಚಪ್ಪಡಿಗಳು ಹೊರಚಾಚಿವೆ, ಕೈದಿಗಳ ಸರಪಣಿ ಕಟ್ಟಲು ಅವುಗಳಲ್ಲಿ ತೂತುಗಳಿವೆ. ನಡುವೆ ಒಂದು ಹಳೆಯ ಫಿರಂಗಿ ಬಿದ್ದುಕೊಂಡಿದೆ. ಇಲ್ಲಿ ಹತ್ತು ನಿಮಿಷ ಕೂತು ಒಂದು ಕಥೆಯನ್ನು ಹೇಳಿಬಿಡಿ, ಏಕೆಂದರೆ ಮುಂದೆ ದರಿಯಾ ದೌಲತ್ತಿನಲ್ಲಿ ಅದು ಬೇಕಾಗುತ್ತದೆ. 1780ರ ಸಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೇನೆಯೊಂದನ್ನು ಪೂರ್ತಿ ಸೋಲಿಸಿದರು. ಅದರ ನಾಯಕ ಬೈಲಿ ಸೆರೆಯಾಗಿ ಇದೇ ಊರಿಗೆ ಬಂದು 1782ರಲ್ಲಿ ಇಲ್ಲಿಯೇ ಸತ್ತ. ಅದೇ ಯುದ್ಧದಲ್ಲಿ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ ಎಂಬ ಇನ್ನೊಬ್ಬ ಅಧಿಕಾರಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಇಲ್ಲಿ ಬಂಧನದಲ್ಲಿದ್ದು, 1784ರಲ್ಲಿ ಬಿಡುಗಡೆಯಾಗಿ, ಹದಿನೈದು ವರ್ಷಗಳ ನಂತರ ಒಡೆದ ಗೋಡೆಯ ಮೂಲಕ ನುಗ್ಗಿದ ಪಡೆಯನ್ನು ತಾನೇ ಮುನ್ನಡೆಸಿಕೊಂಡು ಬಂದ.

ಸ್ವಲ್ಪ ಮುಂದೆ ನೀರ್ಬಾಗಿಲು, ಅದರ ಹತ್ತಿರವೇ ಟಿಪ್ಪುವಿನ ಮೃತದೇಹ ಸಿಕ್ಕಿದ ಜಾಗವೆಂದು ಕಲ್ಲು ನೆಟ್ಟಿರುವ ಸಣ್ಣ ಆವರಣ. ಇವೆರಡಕ್ಕೆ ಹೆಚ್ಚು ಹೊತ್ತು ಬೇಡ. ರಂಗನಾಥ ದೇವಸ್ಥಾನವೂ, ಬೆಂಗಳೂರು ಬಾಗಿಲ ಬಳಿ ಟಿಪ್ಪು ಕಟ್ಟಿಸಿದ ಎರಡು ಮಿನಾರುಗಳ ಮಸೀದಿಯೂ ಕೋಟೆಯ ಒಳಗಿವೆ. ದೇವಸ್ಥಾನವನ್ನು ಗಂಗರ ಸಾಮಂತನಾದ ತಿರುಮಲಯ್ಯನು 894ರಲ್ಲಿ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಹೊಯ್ಸಳರು, ವಿಜಯನಗರದವರು, ಒಡೆಯರು ಅದನ್ನು ಬೆಳೆಸುತ್ತಾ ಬಂದರು. ಕಾವೇರಿಯ ದಾರಿಯಲ್ಲಿ ಇದು ಆದಿರಂಗ, ಶಿವನಸಮುದ್ರದ್ದು ಮಧ್ಯರಂಗ, ತಮಿಳುನಾಡಿನ ಶ್ರೀರಂಗದ್ದು ಅಂತ್ಯರಂಗ. ಜನಸಂದಣಿಯ ದಿನವಾದರೆ ದರ್ಶನಕ್ಕೇ ಒಂದು ಗಂಟೆ ಹಿಡಿಯಬಹುದೆಂಬುದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ.

ಇನ್ನು ದರಿಯಾ ದೌಲತ್. ಬೇರೆ ಯಾವುದನ್ನು ಬಿಟ್ಟರೂ ಇದನ್ನು ಬಿಡಬೇಡಿ. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಗೆ ಅರಮನೆ ಬಹುಪಾಲು ತೇಗದ ಮರದ್ದು. ಬಿಸಿಲಿಗೆ ಬಣ್ಣ ಮಾಸದಂತೆ ಸುತ್ತಲೂ ದೊಡ್ಡ ಪರದೆಗಳನ್ನು ಇಳಿಬಿಟ್ಟಿರುವುದರಿಂದ ದೂರಕ್ಕೆ ಅದು ಏನೂ ಅಲ್ಲದ ಕಟ್ಟಡದಂತೆ ಕಾಣುತ್ತದೆ. ಪಶ್ಚಿಮದ ಗೋಡೆಯ ಮುಂದೆ ನಿಲ್ಲಿ. ಪೊಲ್ಲಿಲೂರಿನ ಯುದ್ಧ ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಹರಡಿಕೊಂಡಿದೆ: ಚೌಕಾಕಾರವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಅವರ ನಡುವೆ ಸ್ಫೋಟಗೊಳ್ಳುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿರುವ ಬೈಲಿ, ಆನೆಗಳ ಮೇಲೆ ಹೂ ಮೂಸುತ್ತಾ ಬರುವವರಂತೆ ನಿರಾಳವಾಗಿ ಬರುವ ಹೈದರ್ ಮತ್ತು ಟಿಪ್ಪು. ತಡವಾಗಿ ಬಂದ ನಿಜಾಮನ ದಂಡಿನ ಪಕ್ಕದಲ್ಲಿ ಒಂದು ಹಂದಿಯನ್ನೂ ಒಂದು ಹಸುವನ್ನೂ ಬರೆದಿದ್ದಾರೆ. ಹಂದಿಯಂತೆ ನುಗ್ಗಿಬಂದು ಹಸುವಿನಂತೆ ಹಿಂದೆ ಹೋದನೆಂಬ ಕುಹಕ ಅದು ಎಂದು ವಿವರಿಸುತ್ತಾರೆ. ಆ ಹಂದಿಯನ್ನು ಹುಡುಕಲು ಹೇಳಿದರೆ ಮಕ್ಕಳು ಇಡೀ ಗೋಡೆಯನ್ನು ತಾವಾಗಿಯೇ ನೋಡುತ್ತಾರೆ. ಮಾಸಿದ್ದ ಚಿತ್ರಗಳನ್ನು 1855ರ ಸುಮಾರಿಗೆ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ಮತ್ತೆ ಬರೆಸಲಾಯಿತು. ಹಾಗಾಗಿ ಇಂದು ಕಾಣುವ ಪ್ರತಿಯೊಂದು ಗೆರೆಯೂ ಟಿಪ್ಪುವಿನ ಕಾಲದ್ದೆಂದು ತಿಳಿಯಬೇಕಾಗಿಲ್ಲ.

ಎರಡು ಗಂಟೆಯೇ ಗತಿಯೆಂದಾದರೆ ವಾಯವ್ಯದ ಗೋಡೆ, ಬಂದೀಖಾನೆ, ದರಿಯಾ ದೌಲತ್ ಈ ಮೂರು ಸಾಕು. ಸಂಗಮವನ್ನು ಬಿಡಿ. ಮಕ್ಕಳು ನೀರಿಗಿಳಿಯುವ ಭಯವೊಂದು ನಿಮಗೆ ಕಡಿಮೆಯಾಗುತ್ತದೆ.

ಪ್ರಶ್ನೆ: ಬೇಕಲ, ಚಂದ್ರಗಿರಿ, ಆರಿಕ್ಕಾಡಿ, ಪೊವ್ವಲ್, ಹೊಸದುರ್ಗ ಎಂದು ನಮ್ಮ ಜಿಲ್ಲೆಯಲ್ಲೇ ಇಷ್ಟೊಂದು ಕೋಟೆಗಳಿವೆ. ಘಟ್ಟ ಹತ್ತಿ ಹೋಗಿ ಇನ್ನೊಂದು ಕೋಟೆ ನೋಡುವುದರಲ್ಲಿ ಏನು ವಿಶೇಷ?
(ಕುಂಬಳೆಯ ಓದುಗರು)

ಉತ್ತರ: ನಮ್ಮ ಕೋಟೆಗಳ ಕಥೆಯ ಕೊನೆಯ ಅಧ್ಯಾಯ ನಡೆದದ್ದು ಅಲ್ಲಿ ಎಂಬುದೇ ವಿಶೇಷ. ಬೇಕಲ ಮತ್ತು ಚಂದ್ರಗಿರಿಯ ಕೋಟೆಗಳನ್ನು ಹದಿನೇಳನೆಯ ಶತಮಾನದಲ್ಲಿ ಇಕ್ಕೇರಿಯ ಶಿವಪ್ಪ ನಾಯಕ ಕಟ್ಟಿಸಿದನೆಂದು ಹೇಳಲಾಗುತ್ತದೆ. 1763ರಲ್ಲಿ ಆ ನಾಯಕರ ರಾಜಧಾನಿ ಬಿದನೂರು ಹೈದರನ ವಶವಾದಾಗ ಕರಾವಳಿಯ ಕೋಟೆಗಳಿಗೂ ಶ್ರೀರಂಗಪಟ್ಟಣದ ಅಪ್ಪಣೆ ಬರತೊಡಗಿತು. ಮುಂದೆ 1792ರ ಫೆಬ್ರವರಿಯಲ್ಲಿ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೇನೆ ಅಲ್ಲಿಯ ದ್ವೀಪದೊಳಕ್ಕೆ ನುಗ್ಗಿದ ಬಳಿಕ, ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ತನ್ನ ರಾಜ್ಯದ ಅರ್ಧದಷ್ಟನ್ನು ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಒಪ್ಪಿಕೊಂಡ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಮಲಬಾರು ಆಗಲೇ ಕಂಪನಿಗೆ ಹೋಯಿತು. ನಾವಿರುವ ಕೆನರಾ ಪ್ರಾಂತ ಮಾತ್ರ ಇನ್ನೂ ಏಳು ವರ್ಷ ಟಿಪ್ಪುವಿನ ಕೈಯಲ್ಲೇ ಉಳಿದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಗೆ ಸೇರಿತು. ಮರುವರ್ಷ ಕಂಪನಿಯ ಪರವಾಗಿ ಊರೂರು ಸುತ್ತಿ ಬೆಳೆ, ಮಣ್ಣು, ಜನಜೀವನ ಬರೆದುಕೊಂಡ ಫ್ರಾನ್ಸಿಸ್ ಬುಕಾನನ್ ಶ್ರೀರಂಗಪಟ್ಟಣದಲ್ಲಿ ತಂಗಿ, ಮುಂದೆ ಮಲಬಾರಿನ ಕಡೆಯಿಂದ ಬಂದು ಬೇಕಲವನ್ನೂ ಚಂದ್ರಗಿರಿ ಹೊಳೆಯನ್ನೂ ದಾಟಿ ಮಂಜೇಶ್ವರದತ್ತ ಹೋದ.

ಕಟ್ಟುವ ಬಗೆಯಲ್ಲೂ ಭೇದವಿದೆ. ನಮ್ಮವು ಮುರಕಲ್ಲಿನ ಕೋಟೆಗಳು, ಬಹುತೇಕ ದಿಬ್ಬದ ಮೇಲಿನವು. ಕಡಲಿನ ಮೇಲೋ ಅಳಿವೆಯ ಮೇಲೋ ಕಣ್ಣಿಡಲು ಕಟ್ಟಿದವು. ಬೇಕಲದ ವೀಕ್ಷಣಾ ಬುರುಜಿನಿಂದ ಹತ್ತಾರು ಮೈಲಿ ದೂರದ ಹಾಯಿ ಕಾಣುತ್ತಿದ್ದಿರಬೇಕು. ಶ್ರೀರಂಗಪಟ್ಟಣಕ್ಕೆ ಅಂಥ ಎತ್ತರವಿಲ್ಲ. ಚಪ್ಪಟೆ ನೆಲದ ಮೇಲಿನ ಕೋಟೆ ತನ್ನ ಬಲವನ್ನೆಲ್ಲ ನೀರಿನಿಂದಲೂ ಗಟ್ಟಿಕಲ್ಲಿನಿಂದಲೂ ಪಡೆದುಕೊಂಡಿದೆ. ಇನ್ನೊಂದು ಮಾತು: ಬೇಕಲದ ಒಳಗೆ ಈಗ ಹುಲ್ಲು ಬೆಳೆದ ಬಯಲಿದೆ, ಶ್ರೀರಂಗಪಟ್ಟಣದ ಕೋಟೆಯೊಳಗೆ ಇಂದಿಗೂ ಊರಿದೆ. ಹಾಲಿನ ಅಂಗಡಿ, ಶಾಲೆ, ತೇರಿನ ಬೀದಿ ಎಲ್ಲವೂ ಗೋಡೆಯ ಒಳಗೇ.

ಪ್ರಶ್ನೆ: ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು? ಮಳೆಗಾಲದಲ್ಲಿ ಕಾವೇರಿ ತುಂಬಿ ಚಂದ ಕಾಣುತ್ತದೆಂದು ಕೆಲವರು ಹೇಳುತ್ತಾರೆ.
(ಮಂಜೇಶ್ವರದ ಓದುಗರು)

ಉತ್ತರ: ಚಂದಕ್ಕೆ ಮಳೆಗಾಲ, ತಿಳಿವಳಿಕೆಗೆ ಬೇಸಗೆ. ಈ ಕೋಟೆಯ ಭಾಗ್ಯವೆಲ್ಲ ಪಂಚಾಂಗದ ಮೇಲೆ ನಿಂತಿತ್ತು. ಜೂನ್ ತಿಂಗಳಲ್ಲಿ ನಮ್ಮ ಕರಾವಳಿಗೆ ಬರುವ ಮಳೆಯೇ ಕೊಡಗಿನ ಬೆಟ್ಟಗಳ ಮೇಲೆ ಸುರಿಯುತ್ತದೆ. ಅದರಲ್ಲಿ ಒಂದು ಪಾಲು ಪಯಸ್ವಿನಿಯಾಗಿ ಸುಳ್ಯದ ಮೂಲಕ ಇಳಿದು ಚಂದ್ರಗಿರಿ ಕೋಟೆಯ ಕೆಳಗೆ ಕಡಲು ಸೇರುತ್ತದೆ, ಇನ್ನೊಂದು ಪಾಲು ಕಾವೇರಿಯಾಗಿ ಪೂರ್ವಕ್ಕೆ ಹೋಗಿ ಶ್ರೀರಂಗಪಟ್ಟಣದ ಗೋಡೆಯನ್ನು ಸುತ್ತುತ್ತದೆ. ಹೊಳೆ ತುಂಬಿದ ಮೇಲೆ ಯಾವ ಸೇನೆಯೂ ಅದನ್ನು ದಾಟುವಂತಿರಲಿಲ್ಲ. 1791ರ ಮೇ 15ರಂದು ಅರಕೆರೆಯ ಬಳಿಯ ಯುದ್ಧದಲ್ಲಿ ಗೆದ್ದರೂ ಕಾರ್ನ್‌ವಾಲಿಸ್ ಮಳೆಗೂ ಆಹಾರದ ಕೊರತೆಗೂ ಸೋತು, ಎಳೆದು ತಂದಿದ್ದ ಭಾರದ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿಗೆ ಮರಳಬೇಕಾಯಿತು. ಆ ಪಾಠ ಕಲಿತವರು ಮುಂದಿನ ಸಲ ಫೆಬ್ರವರಿಯಲ್ಲೇ ಬಂದರು. 1799ರಲ್ಲಿ ಜನರಲ್ ಹ್ಯಾರಿಸ್ ಏಪ್ರಿಲ್ ಆರಂಭದಲ್ಲಿ ಬಂದು ಮುತ್ತಿಗೆ ಹಾಕಿದ. ಮಳೆ ಬರುವ ಮುಂಚೆ ಮುಗಿಸಲೇಬೇಕೆಂಬ ಅವಸರ ಅವನಿಗಿತ್ತು, ಮಳೆ ಬರುವ ತನಕ ತಾಳಿದರೆ ಸಾಕೆಂಬ ಲೆಕ್ಕ ಟಿಪ್ಪುವಿಗಿತ್ತು. ಮೇ 4ರ ಮಧ್ಯಾಹ್ನ ಸಿಪಾಯಿಗಳು ಬಂಡೆಗಳ ನಡುವೆ ಹೊಳೆಯನ್ನು ನಡೆದೇ ದಾಟಿದರು. ಕೆಲವೇ ನಿಮಿಷಗಳಲ್ಲಿ ಒಡೆದ ಗೋಡೆಯ ಮೇಲೆ ಅವರ ಬಾವುಟ ಏರಿತು. ಮಾರ್ಗದರ್ಶಕರು ಟಿಪ್ಪುವಿನ ಮಂತ್ರಿ ಮೀರ್ ಸಾದಿಕನ ದ್ರೋಹದ ಕಥೆಯನ್ನು ರಸವತ್ತಾಗಿ ಹೇಳುತ್ತಾರೆ, ಕೇಳಿ. ಆದರೆ ನೀರಿನ ಕಥೆಯನ್ನು ಅವರು ಹೇಳುವುದು ಕಡಿಮೆ.

ಈಗ ಮೇ ತಿಂಗಳಲ್ಲಿ ಹೋದವರು ಅಂದಿನದೇ ನೀರಿನ ಮಟ್ಟ ಕಾಣುತ್ತೇವೆಂದು ಎಣಿಸಬಾರದು. 1911ರಲ್ಲಿ ಕೆಲಸ ತೊಡಗಿದ ಕೃಷ್ಣರಾಜಸಾಗರ ಅಣೆಕಟ್ಟು ಸ್ವಲ್ಪ ಮೇಲೆಯೇ ಇರುವುದರಿಂದ ಕೋಟೆಯ ಸುತ್ತಲಿನ ಹೊಳೆ ಬಿಟ್ಟ ನೀರಿನ ಪ್ರಮಾಣಕ್ಕೆ ತಕ್ಕಂತೆ ಏರಿ ಇಳಿಯುತ್ತದೆ. ಹಾಗಿದ್ದರೂ ಬಂಡೆಗಳು ಎದ್ದು ಕಾಣುವ ಕಾಲ ಬೇಸಗೆಯೇ.

ಬಿಸಿಲು ಬೇಡವೆನ್ನುವವರಿಗೆ ಜನವರಿ, ಫೆಬ್ರವರಿ ಹದವಾದ ತಿಂಗಳುಗಳು. ಆಗ ರಂಗನತಿಟ್ಟಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಹೊತ್ತೂ ಹೌದು. ಹಳೆಯ ಒಡ್ಡೊಂದರಿಂದ ಹೊಳೆಯ ನಡುವೆ ಉಂಟಾದ ನಡುಗಡ್ಡೆಗಳ ಈ ಪಕ್ಷಿಧಾಮವನ್ನು ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಘೋಷಿಸಲಾಯಿತು, 2022ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ದೋಣಿಯಲ್ಲಿ ಹೋದರೆ ಬಣ್ಣದ ಕೊಕ್ಕರೆಗಳನ್ನು ಕೈಗೆಟಕುವಷ್ಟು ಹತ್ತಿರದಿಂದ ನೋಡಬಹುದು. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳೂ ಇವೆ. ಅನಂತಪುರ ದೇವಸ್ಥಾನದ ಕೆರೆಯಲ್ಲಿದ್ದ ಬಬಿಯಾನನ್ನೇ ಮೊಸಳೆಯ ಮಾದರಿಯೆಂದು ತಿಳಿದು ಬೆಳೆದ ನಮ್ಮ ಮಕ್ಕಳಿಗೆ, ಇವು ನೈವೇದ್ಯ ತಿನ್ನುವ ಜಾತಿಯವಲ್ಲವೆಂದು ಮುಂಚಿತವಾಗಿ ಹೇಳಿಡುವುದು ಲೇಸು. ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನಗಳಲ್ಲಿ ದೋಣಿವಿಹಾರ ನಿಲ್ಲಿಸುತ್ತಾರೆ.

ಪ್ರಶ್ನೆ: ನಮ್ಮ ಹಿರಿಯರನ್ನು ಟಿಪ್ಪುವಿನ ಕಾಲದಲ್ಲಿ ಪಟ್ಟಣಕ್ಕೆ ಸೆರೆಯಾಗಿ ಒಯ್ದರೆಂದು ಮನೆಯಲ್ಲಿ ಕೇಳಿದ್ದೇವೆ. ಅದು ಶ್ರೀರಂಗಪಟ್ಟಣವೇ? ಅದಕ್ಕೆ ಸಂಬಂಧಿಸಿದ ಜಾಗ ಅಲ್ಲಿದೆಯೇ?
(ಬೇಳದ ಓದುಗರು)

ಉತ್ತರ: ಹೌದು, ಅದೇ ಊರು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಕೆನರಾದ ಕೊಂಕಣಿ ಕ್ರೈಸ್ತರನ್ನು ಹಿಡಿದು, ಘಟ್ಟ ಹತ್ತಿಸಿ, ಶ್ರೀರಂಗಪಟ್ಟಣಕ್ಕೆ ನಡೆಸಿದರು. ಸಂಖ್ಯೆ ಬರಹದಿಂದ ಬರಹಕ್ಕೆ ಬದಲಾಗುತ್ತದೆ. ದಾರಿಯಲ್ಲೇ ಅನೇಕರು ಸತ್ತರು, ಉಳಿದವರಲ್ಲಿ ಹಲವರನ್ನು ಬಲವಂತವಾಗಿ ಮತಾಂತರಿಸಿ ಸೇನೆಗೆ ಸೇರಿಸಿಕೊಂಡರು, 1799ರ ನಂತರವಷ್ಟೇ ಬದುಕುಳಿದವರು ಊರಿಗೆ ಮರಳಿದರು. ಕೊಡವರಿಗೂ ಇದೇ ಬಗೆಯ ಸೆರೆ ಒದಗಿತ್ತು. ಬಂಧನದಿಂದ ಬಿಡುಗಡೆಯಾದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸುವ ಕೆಲಸಕ್ಕೆ ಬಂದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯಿ ಒಬ್ಬರು. ದ್ವೀಪದ ಪೂರ್ವಭಾಗದ ಗಂಜಾಮಿನಲ್ಲಿ ಅವರ ಹೆಸರು ಹೊತ್ತ ಸಣ್ಣ ಇಗರ್ಜಿ ಇದೆ. ಪ್ರವಾಸಿ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ, ನೀವಾಗಿ ಕೇಳಿಕೊಂಡು ಹೋಗಬೇಕು. ಒಂದೇ ಊರು ಒಬ್ಬರಿಗೆ ಕಂಪನಿಯೆದುರು ಕಾದಾಡಿ ಮಡಿದ ಅರಸನ ರಾಜಧಾನಿ, ಇನ್ನೊಬ್ಬರಿಗೆ ಅಜ್ಜಂದಿರ ಸೆರೆಮನೆ. ಎರಡೂ ನಿಜವೇ, ಒಂದನ್ನು ಹೇಳಲು ಇನ್ನೊಂದನ್ನು ಅಡಗಿಸಬೇಕಾದ ಅಗತ್ಯ ಈ ಅಂಕಣಕ್ಕೆ ಕಾಣುವುದಿಲ್ಲ.

ಪ್ರಶ್ನೆ: ಟಿಪ್ಪುವಿನ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ಬೇರೆ ಕಡೆ ಇಟ್ಟರಂತೆ, ನಿಜವೇ?
(ಮುಳ್ಳೇರಿಯದ ವಿದ್ಯಾರ್ಥಿ)

ಉತ್ತರ: ನಿಜ. ಮೈಸೂರು ಬೆಂಗಳೂರು ರೈಲು ಹಳಿ ಕೋಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಜೋಡಿ ಹಳಿ ಹಾಕುವಾಗ ಇಟ್ಟಿಗೆ ಗಾರೆಯ ಆಯುಧಾಗಾರವೊಂದು ದಾರಿಗೆ ಅಡ್ಡ ಬಂತು. ಒಡೆಯುವ ಬದಲು, ಸುಮಾರು ಸಾವಿರ ಟನ್ ತೂಕದ ಆ ಕಟ್ಟಡದ ಅಡಿಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜಾಕ್‌ಗಳಿಂದ ಎತ್ತಿ, 2017ರಲ್ಲಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಇಟ್ಟರು. ರೈಲು ನಿಲ್ದಾಣದ ಹತ್ತಿರವೇ ಇದೆ.

ಪ್ರಶ್ನೆ: ಕೋಟೆಯೊಳಗೆ ಅರಮನೆಯೇ ಕಾಣಲಿಲ್ಲ. ಏನಾಯಿತು?
(ಹೊಸದುರ್ಗದ ಓದುಗರು)

ಉತ್ತರ: ರಂಗನಾಥ ದೇವಸ್ಥಾನದ ಎದುರಿನ ಬಯಲಿನಲ್ಲಿ ಉಳಿದಿರುವ ಅಡಿಪಾಯವೇ ಲಾಲ್ ಮಹಲ್ ಅರಮನೆಯದು. ಟಿಪ್ಪುವಿನ ಬಳಿಕ ಅದನ್ನು ಕೆಡವಿ ಸಾಮಾನುಗಳನ್ನು ಬೇರೆ ಬೇರೆ ಕೆಲಸಗಳಿಗೆ ಬಳಸಿದರು. ಊಟಿಯಲ್ಲಿ 1830ರ ಸುಮಾರಿಗೆ ಮುಗಿದ ಸಂತ ಸ್ಟೀಫನರ ಇಗರ್ಜಿಯ ಮರದ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯಿಂದ ಹೋದವೆನ್ನುತ್ತಾರೆ. ಒಡೆಯರ ಹಳೆಯ ಅರಮನೆಯೂ ಉಳಿದಿಲ್ಲ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಈ ಊರನ್ನು ಪಡೆದು, ಅದೇ ವರ್ಷ ದಸರಾ ಆರಂಭಿಸಿದ್ದು ಇಲ್ಲಿಯೇ. ಮೈಸೂರಿನ ಜಂಬೂಸವಾರಿ ನೋಡಹೋದವರಿಗೆ ಇದು ನೆನಪಾಗುವುದು ಅಪರೂಪ.

ಪ್ರಶ್ನೆ: ಎಪ್ಪತ್ತು ದಾಟಿದ ಅಮ್ಮನನ್ನು ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವರಿಗೆ ಮಂಡಿನೋವು. ಹೆಚ್ಚು ಮೆಟ್ಟಿಲು ಹತ್ತದೆ ಏನು ನೋಡಬಹುದು? ಕಾಸರಗೋಡಿನಿಂದ ಯಾವ ದಾರಿ ಒಳ್ಳೆಯದು?
(ಪೆರ್ಲದ ಓದುಗರು)

ಉತ್ತರ: ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಹುಣಸೂರಿನ ದಾರಿಯೇ ನೇರ. ಇನ್ನೂರು ಕಿಲೋಮೀಟರಿಗೂ ಮಿಗಿಲಾದ, ಘಟ್ಟದ ತಿರುವುಗಳ ದಾರಿಯಾದುದರಿಂದ ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬೇಡ. ಮಡಿಕೇರಿಯಲ್ಲೋ ಮೈಸೂರಿನಲ್ಲೋ ತಂಗಿರಿ. ಸ್ವಂತ ವಾಹನವಿದ್ದರೆ ಮೈಸೂರಿನ ಒಳಗೆ ಹೋಗದೆ ಇಲವಾಲದಲ್ಲಿ ಕೃಷ್ಣರಾಜಸಾಗರದ ಕಡೆಗೆ ತಿರುಗಿ ಶ್ರೀರಂಗಪಟ್ಟಣ ಸೇರಬಹುದು. ಬಸ್ಸಿನಲ್ಲಾದರೆ ಮೈಸೂರಿಗೆ ಹೋಗಿ ಅಲ್ಲಿಂದ ಬೇರೆ ಬಸ್ಸು ಹಿಡಿಯುವುದು ಸುಲಭ. ಊರೊಳಗೆ ತಿರುಗಲು ಆಟೋ ಮಾತಾಡಿಕೊಳ್ಳಿ.

ಅಮ್ಮನಿಗೆ ಬಂದೀಖಾನೆ ಬೇಡ, ಕೆಳಗಿಳಿದು ಹತ್ತಬೇಕಾಗುತ್ತದೆ. ದರಿಯಾ ದೌಲತ್ತಿನ ತೋಟ ಸಮತಟ್ಟಾಗಿದೆ, ಗೇಟಿನಿಂದ ಅರಮನೆಯವರೆಗೆ ನಡೆಯುವುದಷ್ಟೇ. ಗುಂಬಜಿಗೆ ಜಗಲಿಯ ಮೆಟ್ಟಿಲುಗಳಿವೆ. ಅವರು ಕೆಳಗೇ ಕುಳಿತರೂ ಕಟ್ಟಡ ಪೂರ್ತಿ ಕಾಣುತ್ತದೆ. ಹತ್ತಬಲ್ಲರಾದರೆ ನಯಗೊಳಿಸಿದ ಕರಿಕಲ್ಲಿನ ಕಂಬಗಳನ್ನೂ, ಡಾಲ್‌ಹೌಸಿ ಕೊಟ್ಟನೆನ್ನುವ ದಂತದ ಕೆತ್ತನೆಯ ಬಾಗಿಲುಗಳನ್ನೂ, ಒಳಗೋಡೆಯ ಹುಲಿಪಟ್ಟೆಯ ಬಣ್ಣವನ್ನೂ ನೋಡಲಿ. ಹೈದರ್, ಅವನ ಹೆಂಡತಿ ಮತ್ತು ಟಿಪ್ಪು ಮೂವರ ಗೋರಿಗಳೂ ಅಲ್ಲಿವೆ. ಬಂದೀಖಾನೆಯಲ್ಲಿ ಹೆಸರು ಉಳಿಸಿಕೊಂಡ ಬೈಲಿಯ ಸ್ಮಾರಕವೂ ಅದೇ ಆವರಣದ ಬಳಿ ಇರುವುದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರು 1804ರಲ್ಲಿ ಕಟ್ಟಿಸಿದ, ಕಲ್ಲುಕಂಬಗಳ ವೆಲ್ಲೆಸ್ಲಿ ಸೇತುವೆಯನ್ನು ಆಟೋದಲ್ಲಿ ಕುಳಿತೇ ನೋಡಬಹುದು. ಗುಂಬಜಿನಲ್ಲಿ ಚಪ್ಪಲಿ ಬಿಡಬೇಕಾದುದರಿಂದ, ಕಲ್ಲು ಕಾಯುವ ಮೊದಲೇ, ಬೆಳಗ್ಗೆ ಹತ್ತರ ಒಳಗೆ ಅಲ್ಲಿಗೆ ಹೋಗಿ ಆಮೇಲೆ ನೆರಳಿರುವ ದರಿಯಾ ದೌಲತ್ತಿಗೆ ಬನ್ನಿ. ಅಮ್ಮನ ಚೀಲದಲ್ಲಿ ಒಂದು ಜೊತೆ ದಪ್ಪ ಕಾಲುಚೀಲ ಇರಲಿ.